ಮನಿ ಸಿಕ್ತು, ಓಣಿ ಎಲ್ಲಿ? ಹೊಸ ಊರಿಗೆ ಬಂದವರು ‘ಮಂದಿ’ ಮಾಡಿಕೊಳ್ಳೋದು ಹೆಂಗ

ಬಾಗಲಕೋಟೆ: ಹಳೆ ಬಾಗಲಕೋಟೆಯಲ್ಲಿ ಯಾರನ್ನಾದರೂ ಹುಡುಕಿಕೊಂಡು ಹೋದರೆ ಮೊದಲು ಕೇಳುವ ಪ್ರಶ್ನೆ ‘ಯಾವ ಓಣಿ?’ ನವನಗರದಲ್ಲಿ ಅದೇ ಪ್ರಶ್ನೆ ‘ಯಾವ ಸೆಕ್ಟರ್?’ ಅಂತಾಗುತ್ತದೆ. ಓಣಿಯ ಹೆಸರು ಹೇಳಿದರೆ ಆ ಮನೆಯವರು ಯಾರು, ಎಷ್ಟು ತಲೆಮಾರಿನಿಂದ ಅಲ್ಲಿದ್ದಾರೆ, ಏನು ಮಾಡಿಕೊಂಡಿದ್ದಾರೆ ಅನ್ನೋದನ್ನ ಪಕ್ಕದ ಅಂಗಡಿಯವನೇ ಹೇಳಿಬಿಡುತ್ತಾನೆ. ಸೆಕ್ಟರ್ ನಂಬರ್ ಹೇಳಿದರೆ ಮನೆ ಎಲ್ಲಿದೆ ಅನ್ನೋದು ಮಾತ್ರ ಗೊತ್ತಾಗುತ್ತದೆ.

ಈ ವ್ಯತ್ಯಾಸ ಸಣ್ಣದಲ್ಲ. ಮುಳುಗಡೆಯಿಂದ ಎದ್ದು ಬಂದ ಕುಟುಂಬಗಳು, ವರ್ಗವಾಗಿ ಬಂದ ನೌಕರರು, ಕಾಲೇಜು-ಆಸ್ಪತ್ರೆಗಳಿಗೆ ಬಂದ ವಿದ್ಯಾರ್ಥಿಗಳು ಮತ್ತು ನರ್ಸ್‌ಗಳು, ಮದುವೆಯಾಗಿ ಬಂದ ಹೆಣ್ಣುಮಕ್ಕಳು, ಕೆಲಸ ಹುಡುಕಿ ಹಳ್ಳಿ ಬಿಟ್ಟು ಬಂದವರು ಎಲ್ಲರೂ ಒಂದಲ್ಲ ಒಂದು ದಿನ ಹೇಳುವ ಮಾತು ಒಂದೇ: ‘ಊರು ಚೊಲೋ ಐತ್ರಿ, ಆದ್ರ ಇಲ್ಲಿ ನಮ್ಮ ಮಂದಿ ಇಲ್ಲ.’ ಆ ‘ಮಂದಿ’ ಎಲ್ಲಿ ಸಿಗುತ್ತಾರೆ, ಎಷ್ಟು ದಿನ ಹಿಡಿಯುತ್ತದೆ, ಯಾಕೆ ಕೆಲವರಿಗೆ ಬೇಗ ಸಿಕ್ಕು ಕೆಲವರಿಗೆ ವರ್ಷವಾದರೂ ಸಿಗುವುದಿಲ್ಲ? ಇಲ್ಲಿದೆ ವಿವರ.

ಓಣಿ ಒಡೆದದ್ದು ಹೇಗೆ

ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಆಗಿನ ಗೃಹ ಸಚಿವರಾಗಿರದೆ ಇನ್ನೂ ಕೇಂದ್ರದಲ್ಲಿ ಹಿರಿಯ ನಾಯಕರಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿ ಅವರಿಂದ. ಜಲಾಶಯಕ್ಕೆ ಈಗ ಅವರದೇ ಹೆಸರು. ಅಣೆಕಟ್ಟೆಯ ಎತ್ತರದ ಬಗ್ಗೆ ರಾಜ್ಯಗಳ ನಡುವೆ ನಡೆದ ಜಗಳ ಸುಪ್ರೀಂ ಕೋರ್ಟ್‌ಗೆ ಹೋಗಿ, 2000ದಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸಲು ದಾರಿಯಾಯಿತು. ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೆ ಒತ್ತಿ ಬಂದು, ನದಿ ದಂಡೆಯ ಬಾಗಲಕೋಟೆಯ ತಗ್ಗಿನ ಭಾಗ ಮುಳುಗಿತು. ‘ಮುಳುಗಡೆ ಊರು’ ಅನ್ನೋ ಹೆಸರು ಅಂಟಿದ್ದು ಹೀಗೆ.

ಎದ್ದವರಿಗಾಗಿ ಎತ್ತರದ ಜಾಗದಲ್ಲಿ ನವನಗರ ಕಟ್ಟಲಾಯಿತು. ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಜನರ ಬಾಯಲ್ಲಿ ಬಿಟಿಡಿಎ, ಇದರ ಹೊಣೆ ಹೊತ್ತಿತು. ಅಗಲವಾದ ರಸ್ತೆ, ನಂಬರ್ ಹಾಕಿದ ಸೆಕ್ಟರ್‌ಗಳು, ಯುನಿಟ್‌ಗಳು. 1997ರಲ್ಲಿ ವಿಜಯಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾದ ಮೇಲೆ ಜಿಲ್ಲಾಡಳಿತದ ಕಚೇರಿಗಳೂ ನವನಗರಕ್ಕೆ ಬಂದವು. ಹೀಗಾಗಿ ಇವತ್ತಿನ ಬಾಗಲಕೋಟೆ ಅಂದರೆ ಮೂರು ಊರು: ಹಳೆ ಊರು, ಕಾಲೇಜುಗಳ ವಿದ್ಯಾಗಿರಿ ಮತ್ತು ನವನಗರ.

ಮನೆಗೆ ಪರಿಹಾರ ಬಂತು, ಸೈಟು ಬಂತು. ಆದರೆ ಲೆಕ್ಕದ ಪುಸ್ತಕದಲ್ಲಿ ಬಾಜೂ ಮನಿಗೆ ಬೆಲೆ ಕಟ್ಟುವ ಕಾಲಂ ಇರಲಿಲ್ಲ. ನಲ್ವತ್ತು ವರ್ಷ ಒಂದೇ ಗೋಡೆ ಹಂಚಿಕೊಂಡ ಎರಡು ಕುಟುಂಬಗಳು ಬೇರೆ ಬೇರೆ ಸೆಕ್ಟರ್‌ಗೆ ಹೋದವು. ಅವರ ನಡುವಿನ ಅಂತರ ಆಟೋದಲ್ಲಿ ಹೋಗುವಷ್ಟಾಯಿತು. ಗಟ್ಟಿ ಇದ್ದವರು ಹೋಗಿ ಬಂದರು; ಮೊಣಕಾಲು ನೋವಿನ ಮುದುಕರು, ಒಬ್ಬರೇ ಹೊರಗೆ ಹೋಗಿ ರೂಢಿ ಇಲ್ಲದ ಹೆಣ್ಣುಮಕ್ಕಳು ಮನೆಯಲ್ಲೇ ಉಳಿದರು.

ಹುನಗುಂದ, ಬೀಳಗಿ, ಬಾಗಲಕೋಟೆ ತಾಲ್ಲೂಕುಗಳ ಹಳ್ಳಿಗಳ ಕಥೆ ಸ್ವಲ್ಪ ಬೇರೆ. ಅಲ್ಲಿ ಊರಿಗೆ ಊರೇ ಎದ್ದು ಪುನರ್ವಸತಿ ಕೇಂದ್ರಕ್ಕೆ ಹೋದಾಗ ಊರಿನ ಹೆಸರೂ ಜೊತೆಗೆ ಹೋಯಿತು, ದೇವರೂ ಜೊತೆಗೆ ಹೋದ. ಹೊಲ ಹೋಯಿತು, ಹೊಳೆ ದೂರವಾಯಿತು, ಆದರೆ ಬೆಳಗ್ಗೆ ಎದ್ದು ‘ಚಾ ಆತೇನೋ’ ಅಂತ ಕೇಳುವ ದನಿ ಅದೇ ಇತ್ತು. ಪಟ್ಟಣದಲ್ಲಿ ಒಬ್ಬೊಬ್ಬರಾಗಿ ಹಂಚಿಹೋದವರಿಗೆ ಈ ಅನುಕೂಲ ಸಿಗಲಿಲ್ಲ.

ಓಣಿ ತಾನಾಗೇ ಗೆಳೆತನ ಮಾಡಿಸೋದು ಹೇಗೆ

ಹಳೆ ಓಣಿಯ ಮಂದಿ ಸ್ವಭಾವದಿಂದ ಒಳ್ಳೆಯವರು, ಹೊಸ ಬಡಾವಣೆಯವರು ಬಿಗುಮಾನದವರು ಅನ್ನೋ ಮಾತು ಆಗಾಗ ಕೇಳುತ್ತದೆ. ಅದು ಪೂರ್ತಿ ನಿಜವಲ್ಲ. ಎಷ್ಟೋ ಕಡೆ ಅವರೇ ಇವರು. ಬದಲಾಗಿದ್ದು ಜಾಗ.

ಓಣಿಯಲ್ಲಿ ಮನೆ ಮುಂದೆ ಕಟ್ಟಿ ಇರುತ್ತದೆ. ನಲ್ಲಿ ನೀರಿಗೆ ಕೊಡ ಹಿಡಿದು ನಿಲ್ಲಬೇಕು. ಜೋಳ ಬೀಸಲು ಗಿರಣಿಗೆ ಹೋಗಿ ಪಾಳಿ ಹಚ್ಚಬೇಕು. ಬಾಗಿಲು ದಾರಿಗೇ ತೆರೆದಿರುತ್ತದೆ. ಇದರಿಂದ ಒಬ್ಬರನ್ನೊಬ್ಬರು ದಿನಾ, ಯಾರೂ ಕರೆಯದೆ, ಯಾವ ತಯಾರಿಯೂ ಇಲ್ಲದೆ ನೋಡುತ್ತಾರೆ. ಕಂಪೌಂಡು, ಗೇಟು, ಮನೆಯೊಳಗೇ ನಲ್ಲಿ, ಪ್ಯಾಕೆಟ್ ಹಿಟ್ಟು ಬಂದ ಮೇಲೆ ಜೀವನ ಸುಖವಾಯಿತು, ಸಂಶಯವಿಲ್ಲ. ಆದರೆ ಕಾರಣವಿಲ್ಲದೆ ಎದುರಾಗುವ ಗಳಿಗೆಗಳು ಒಂದೊಂದಾಗಿ ಕಡಿಮೆಯಾದವು. ಈಗ ಯಾರನ್ನಾದರೂ ಮಾತಾಡಿಸಬೇಕು ಅಂದರೆ ಗೇಟು ತೆಗೆದು, ಬೆಲ್ ಒತ್ತಿ, ‘ಏನ್ ಬೇಕಾಗಿತ್ರಿ?’ ಅನ್ನೋ ಪ್ರಶ್ನೆಗೆ ಉತ್ತರ ಕೊಡಬೇಕು.

ಇದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕುಟುಂಬಗಳ ವಸತಿಯಲ್ಲಿ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 1950ರಲ್ಲಿ ಪುಸ್ತಕವಾಗಿ ಬಂತು. ಯಾರು ಯಾರಿಗೆ ಗೆಳೆಯರಾದರು ಅಂತ ನೋಡಿದಾಗ ದೊಡ್ಡ ಕಾರಣವಾಗಿ ಕಂಡದ್ದು ಬಾಗಿಲುಗಳ ನಡುವಿನ ದೂರ. ಪಕ್ಕದ ಬಾಗಿಲಿನವರು ಹೆಚ್ಚು ಗೆಳೆಯರಾಗಿದ್ದರು. ಮೆಟ್ಟಿಲ ಹತ್ತಿರದ ಮನೆಯವರಿಗೆ ಮೇಲಂತಸ್ತಿನಲ್ಲೂ ಪರಿಚಯ ಜಾಸ್ತಿ ಇತ್ತು, ಯಾಕೆಂದರೆ ಮೇಲಿನವರು ಹತ್ತಿ ಇಳಿಯುವಾಗ ಅವರ ಮುಂದೆಯೇ ಹಾಯಬೇಕಿತ್ತು. ಬಾಗಲಕೋಟೆಯ ಕಿಲ್ಲಾದಲ್ಲಿ ಕಟ್ಟಿ ಮೇಲೆ ಕೂತ ಅಜ್ಜನಿಗೆ ಇಡೀ ಓಣಿ ಗೊತ್ತಿರುವುದಕ್ಕೂ ಇದೇ ಕಾರಣ.

50 ತಾಸು, 200 ತಾಸು

ಹೊಸ ಊರಿಗೆ ಬಂದವರು ಮಾಡುವ ದೊಡ್ಡ ತಪ್ಪು ಎಣಿಕೆ ಸಮಯದ್ದು. ಎರಡು ತಿಂಗಳು ನೋಡಿ ‘ಇಲ್ಲಿ ಮಂದಿ ಸರಿ ಇಲ್ಲ’ ಅಂತ ತೀರ್ಮಾನಕ್ಕೆ ಬಂದುಬಿಡುತ್ತಾರೆ.

ಅಮೆರಿಕದ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇತ್ತೀಚೆಗೆ ಊರು ಬದಲಿಸಿದವರನ್ನು ಮತ್ತು ಕಾಲೇಜಿಗೆ ಹೊಸದಾಗಿ ಸೇರಿದವರನ್ನು ಮಾತಾಡಿಸಿ ಲೆಕ್ಕ ತೆಗೆದಿದ್ದಾರೆ. ಬರೀ ಮುಖ ಪರಿಚಯ ಇದ್ದವರು ಸಾಧಾರಣ ಗೆಳೆಯರಾಗಲು ಜೊತೆಯಲ್ಲಿ ಸುಮಾರು 50 ತಾಸು ಕಳೆಯಬೇಕು. ಗೆಳೆಯ ಅಂತ ಧೈರ್ಯವಾಗಿ ಹೇಳಲು ಸುಮಾರು 90 ತಾಸು. ಹತ್ತಿರದ ಗೆಳೆಯನಾಗಲು 200 ತಾಸಿಗೂ ಹೆಚ್ಚು. ಒಂದೇ ಆಫೀಸಿನಲ್ಲಿ ಕೆಲಸ ಮಾಡಿದ ತಾಸುಗಳು ಇದರಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ ಅನ್ನೋದೂ ಅದರಲ್ಲಿದೆ. ಕೆಲಸ ಬಿಟ್ಟ ಮೇಲಿನ ಹರಟೆ, ಊಟ, ಆಟ ಲೆಕ್ಕಕ್ಕೆ ಬರುತ್ತದೆ.

ನಮ್ಮ ಊರಿನ ದಿನಚರಿಗೆ ಇದನ್ನ ಹೊಂದಿಸಿ ನೋಡಬಹುದು. ದಿನಾ ಚಹಾದಂಗಡಿಯಲ್ಲಿ 15 ನಿಮಿಷ ಒಬ್ಬರ ಜೊತೆ ನಿಂತು ಮಾತಾಡಿದರೆ 50 ತಾಸು ಆಗಲು 200 ದಿನ ಬೇಕು, ಅಂದರೆ ಆರೂವರೆ ತಿಂಗಳು. ಬೆಳಗಿನ ವಾಕಿಂಗ್‌ನಲ್ಲಿ ದಿನಾ ಅರ್ಧ ತಾಸು ಜೊತೆಗೆ ನಡೆದರೆ 100 ದಿನ. ವಾರಕ್ಕೊಮ್ಮೆ ಎರಡು ತಾಸಿನ ಭಜನೆಯೋ ಸಂಘದ ಸಭೆಯೋ ಆದರೆ 25 ವಾರ. ಹತ್ತಿರದ ಗೆಳೆತನಕ್ಕೆ ದಿನಾ ಒಂದು ತಾಸು ಅಂದರೂ ಆರು ತಿಂಗಳ ಮೇಲೆ. ಹಾಗಾಗಿ ಎರಡು ತಿಂಗಳಲ್ಲಿ ಯಾರೂ ಸಿಗಲಿಲ್ಲ ಅಂದರೆ ಊರೂ ಕೆಟ್ಟದ್ದಲ್ಲ, ಬಂದವರಲ್ಲೂ ಕೊರತೆ ಇಲ್ಲ. ತಾಸು ಇನ್ನೂ ತುಂಬಿಲ್ಲ, ಅಷ್ಟೇ.

ಅದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ದಿನಕ್ಕೊಂದು ಅಂಗಡಿ, ವಾರಕ್ಕೊಂದು ಗುಂಪು ಅಂತ ಬದಲಿಸುತ್ತಾ ಹೋದರೆ ಯಾರ ಜೊತೆಗೂ 50 ತಾಸು ಆಗುವುದಿಲ್ಲ. ಒಂದೇ ಜಾಗ, ಒಂದೇ ಹೊತ್ತು ಹಿಡಿಯುವುದೇ ಒಳ್ಳೆಯದು.

ಬಾಗಿಲು ತಾನಾಗೇ ತೆರೆಯುವ ದಿನಗಳು

ಹೊಸಬರಿಗೆ ನಾಚಿಕೆಯ ಕಷ್ಟ ಒಂದು: ಕಾರಣವಿಲ್ಲದೆ ಯಾರ ಮನೆಗೆ ಹೋಗೋದು ಹೇಗೆ? ಈ ಕಡೆಯ ಹಬ್ಬಗಳು ಆ ಕಾರಣವನ್ನ ಕೈಗೇ ಕೊಡುತ್ತವೆ.

ದಸರೆಯ ಕೊನೆಗೆ ಬನ್ನಿ ಕೊಡುವುದು ಇದಕ್ಕೆ ಒಳ್ಳೆಯ ಉದಾಹರಣೆ. ವಿಜಯದಶಮಿ ಸಂಜೆ ಬನ್ನಿ ಎಲೆ ಹಿಡಿದು ಯಾರ ಮನೆಗಾದರೂ ಹೋಗಬಹುದು. ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಅಂದರೆ ಸಾಕು, ಒಳಗೆ ಕರೆಯದೆ ಯಾರೂ ಕಳಿಸುವುದಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಅವತ್ತು ಮಾತು ತೆಗೆಯುತ್ತಾರೆ. ಸಂಕ್ರಾಂತಿಯ ಕುಸುರೆಳ್ಳು, ಪಂಚಮಿಯ ಉಂಡಿ ಮತ್ತು ಜೋಕಾಲಿ ಇದೇ ಕೆಲಸ ಮಾಡುತ್ತವೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವವರು ಗುರುತಿನವರನ್ನೆಲ್ಲ ಕರೆದು ಊಟಕ್ಕೆ ಕೂರಿಸುತ್ತಾರೆ. ಆಫೀಸಿನಲ್ಲಿ ಯಾರಾದರೂ ‘ಹೊಲಕ್ಕ ಬರ್ರಿ’ ಅಂದರೆ ಅದು ಬಾಯಿ ಮಾತಲ್ಲ. ಹೋಗಬೇಕು. ಆ ಒಂದು ಮಧ್ಯಾಹ್ನದಲ್ಲಿ ಮನೆಯ ಹತ್ತು ಮಂದಿಯ ಪರಿಚಯವಾಗುತ್ತದೆ.

ಪಾತ್ರೆಯ ಪದ್ಧತಿಯೂ ಹಾಗೆಯೇ. ಪಕ್ಕದ ಮನೆಯಿಂದ ಪಲ್ಯವೋ ಹೋಳಿಗೆಯೋ ಬಂದ ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು ಅಂತ ಹಿರಿಯರು ಹೇಳುತ್ತಾರೆ. ಏನೂ ಇಲ್ಲದಿದ್ದರೆ ನಾಲ್ಕು ಹರಳು ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಇದು ಶಾಸ್ತ್ರವೂ ಹೌದು, ಲೆಕ್ಕವೂ ಹೌದು. ಡಬ್ಬಿ ತುಂಬಿ ಹೋದರೆ ಮತ್ತೆ ತುಂಬಿ ಬರುತ್ತದೆ, ಪರಿಚಯ ನಿಲ್ಲುವುದಿಲ್ಲ. ಹೊಸದಾಗಿ ಬಂದವರು ಒಂದು ಬಟ್ಟಲು ಸಕ್ಕರೆ, ಒಂದು ಏಣಿ, ಒಂದು ಸುತ್ತಿಗೆ ಕೇಳಲು ಹಿಂಜರಿಯುತ್ತಾರೆ. ‘ಯಾರಿಗೂ ತೊಂದ್ರಿ ಕೊಡೋದು ಬ್ಯಾಡ’ ಅನ್ನೋ ಸಂಕೋಚ ಒಳ್ಳೆಯದೇ. ಆದರೆ ಏನೂ ಕೇಳದವರನ್ನು ‘ಇವರಿಗೆ ನಮ್ಮ ಗರಜಿಲ್ಲ’ ಅಂತ ಓಣಿ ಅರ್ಥ ಮಾಡಿಕೊಳ್ಳುತ್ತದೆ.

ಹೋಳಿಯ ಬಂಡಿ ಮತ್ತು ಐದು ಪೇಟೆ

ಬಾಗಲಕೋಟೆಯ ಹೋಳಿ ನಾಡಿಗೆಲ್ಲ ಹೆಸರಾಗಿದೆ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಐದು ಪೇಟೆಗಳ ಲೆಕ್ಕದಲ್ಲಿ ಇದು ನಡೆಯುತ್ತದೆ. ದಿನಗಟ್ಟಲೆ ಹಲಗಿ ಬಾರಿಸುತ್ತಾರೆ. ಬಣ್ಣದ ನೀರಿನ ಬ್ಯಾರಲ್ ಹೇರಿದ ಬಂಡಿಗಳು ಬೀದಿಗಿಳಿಯುತ್ತವೆ. ನವನಗರಕ್ಕೆ ಹೋದ ಹಳೆ ಮಂದಿ ಆ ದಿನಗಳಲ್ಲಿ ತಮ್ಮ ಪೇಟೆಗೆ ಬಂದು ನಿಲ್ಲುತ್ತಾರೆ. ನೀರು ಓಣಿ ಒಡೆದರೂ ಪೇಟೆಯ ಹೆಸರು ಉಳಿದದ್ದಕ್ಕೆ ಇಂಥ ಆಚರಣೆಗಳೂ ಒಂದು ಕಾರಣ.

ಹೊರಗಿನವರಿಗೆ ಇಲ್ಲಿ ಎರಡು ದಾರಿ. ರಸ್ತೆ ಬದಿ ನಿಂತು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡು ಹೋಗಬಹುದು. ಇಲ್ಲವೇ ಹಿಂದಿನ ವಾರವೇ ಗುರುತಿನವರೊಬ್ಬರನ್ನು ಹಿಡಿದು, ಕಟ್ಟಿಗೆ ಕೂಡಿಸುವ, ನೀರು ತುಂಬುವ ಕೆಲಸಕ್ಕೆ ಕೈ ಹಾಕಬಹುದು. ಮೊದಲನೆಯದು ನೋಡುವುದು, ಎರಡನೆಯದು ಸೇರುವುದು.

ಶ್ರಾವಣದ ಪುರಾಣ-ಪ್ರವಚನ, ಮಠದ ದಾಸೋಹ, ಜಾತ್ರೆಯ ಅನ್ನಸಂತರ್ಪಣೆಗೂ ಇದೇ ಮಾತು. ಉಂಡು ಎದ್ದು ಬಂದವರ ಹೆಸರು ಯಾರಿಗೂ ನೆನಪಿರುವುದಿಲ್ಲ. ಸಾರಿನ ಬಕೆಟ್ ಹಿಡಿದು ನಾಲ್ಕು ಪಂಕ್ತಿ ಬಡಿಸಿದವರನ್ನು ಮಾರನೇ ದಿನ ಸಂತೆಯಲ್ಲಿ ನಿಲ್ಲಿಸಿ ಮಾತಾಡಿಸುತ್ತಾರೆ. ಮಾತು ಬಾರದವರಿಗೆ, ನಾಚಿಕೆ ಸ್ವಭಾವದವರಿಗೆ ಕೈಗೊಂದು ಕೆಲಸ ಇರುವುದು ಬಹಳ ಅನುಕೂಲ. ಏನು ಮಾತಾಡಬೇಕು ಅನ್ನೋ ಚಿಂತೆಯೇ ಇರುವುದಿಲ್ಲ.

ಬಾದಾಮಿ: ಹೋದವರು, ಬರುವವರು

ಬಾದಾಮಿ ಕಡೆಯವರಿಗೆ ಊರು ಬಿಡುವುದು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ಬಾದಾಮಿ, ಹುನಗುಂದ, ಇಳಕಲ್ ಭಾಗದ ಹಳ್ಳಿಗಳಲ್ಲಿ ಬಹಳ ಕಾಲದಿಂದ ಇದೆ. ಗೋವಾ, ಮಂಗಳೂರು, ಉಡುಪಿ, ಬೆಂಗಳೂರಿನ ಕಟ್ಟಡ ಕೆಲಸಗಳಲ್ಲಿ ಈ ಕಡೆಯ ಮಂದಿ ಸಿಗುತ್ತಾರೆ.

ಅವರು ಪರಊರಲ್ಲಿ ಬದುಕುವ ರೀತಿ ಗಮನಿಸಬೇಕು. ಮೊದಲು ಹೋದವನು ತಮ್ಮನನ್ನು ಕರೆಸಿಕೊಳ್ಳುತ್ತಾನೆ, ತಮ್ಮ ಹೆಂಡತಿಯ ಅಣ್ಣನನ್ನು ಕರೆಸುತ್ತಾನೆ, ಹೀಗೆ ಒಂದೇ ಹಳ್ಳಿಯವರು ಒಂದೇ ಕಡೆ ಶೆಡ್ ಹಾಕಿಕೊಳ್ಳುತ್ತಾರೆ. ಜ್ವರ ಬಂದರೆ ಗಂಜಿ ಕಾಯಿಸಿಕೊಡುವವರು, ಊರಿಗೆ ದುಡ್ಡು ಕಳಿಸಿಕೊಡುವವರು, ಸತ್ತರೆ ಹೆಣ ಊರಿಗೆ ಮುಟ್ಟಿಸುವವರು ಅವರೇ. ಇದು ದೊಡ್ಡ ಆಸರೆ. ಆದರೆ ಆ ಗುಂಪಿನಾಚೆ ಒಬ್ಬರೂ ಗೊತ್ತಿಲ್ಲದಿದ್ದರೆ ಮೇಸ್ತ್ರಿ ಕೂಲಿ ಹಿಡಿದುಕೊಂಡಾಗ, ಮಗುವನ್ನು ಅಲ್ಲಿನ ಶಾಲೆಗೆ ಸೇರಿಸಬೇಕಾದಾಗ, ಆಸ್ಪತ್ರೆಯಲ್ಲಿ ಚೀಟಿ ಬರೆಸಬೇಕಾದಾಗ ದಾರಿ ಕಾಣುವುದಿಲ್ಲ. ಅಲ್ಲಿನ ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಟೀಚರ್, ಕಿರಾಣಿ ಅಂಗಡಿಯವರು ಇಂಥ ಒಬ್ಬಿಬ್ಬರ ಪರಿಚಯವೂ ಬೇಕು. ನಮ್ಮೂರ ಮಂದಿ ಹೊತ್ತಿಗೆ ಆಗುತ್ತಾರೆ, ಆ ಊರಿನ ಮಂದಿ ದಾರಿ ತೋರಿಸುತ್ತಾರೆ. ಎರಡೂ ಇರಬೇಕು.

ಹೋದವರೆಲ್ಲ ಮರಳಿ ಸೇರುವ ಜಾಗ ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಗೆ, ಅಂದರೆ ಜನವರಿ ಸುಮಾರಿಗೆ ತೇರು ಎಳೆದ ಮೇಲೂ ಚೊಳಚಗುಡ್ಡದ ಬಯಲಲ್ಲಿ ವಾರಗಟ್ಟಲೆ ಜಾತ್ರೆ ನಡೆಯುತ್ತದೆ. ವೃತ್ತಿ ನಾಟಕ ಕಂಪನಿಗಳ ಟೆಂಟುಗಳು, ಕಟ್ಟಿಗೆಯ ಬಾಗಿಲು-ಚೌಕಟ್ಟುಗಳ ಸಾಲು, ರೊಟ್ಟಿ ಬುತ್ತಿ ಹೊತ್ತು ಬರುವ ಹೆಣ್ಣುಮಕ್ಕಳು. ಮದುವೆ ಮಾತುಕತೆಗಳು, ಬಿಟ್ಟುಹೋದ ಬೀಗತನಗಳು, ಹಳೆ ಗೆಳೆತನಗಳು ಅಲ್ಲಿ ಮತ್ತೆ ಜೋಡುತ್ತವೆ. ಬಾದಾಮಿಗೆ ಹೊಸದಾಗಿ ವರ್ಗವಾಗಿ ಬಂದವರು ಗುಹೆ ನೋಡಿ ಮುಗಿಸುತ್ತಾರೆ. ಜಾತ್ರೆಗೆ ಆಫೀಸಿನವರ ಜೊತೆ ಒಂದು ರಾತ್ರಿ ನಾಟಕ ನೋಡಿದರೆ ಊರಿನ ಅರ್ಧ ಪರಿಚಯವಾದಂತೆ.

ಇಳಕಲ್: ಮಗ್ಗದ ಮನೆ, ಜೋಳಿಗೆಯ ಮಠ

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ಆಮೇಲೆ ನೇಯುತ್ತಾರೆ. ಬಣ್ಣ ಹಾಕುವುದು, ಕಂಡಿಕೆ ಸುತ್ತುವುದು, ಹಾಸು ಹೂಡುವುದು ಹೀಗೆ ಒಂದು ಸೀರೆಗೆ ಹಲವು ಕೈ ಬೇಕು. ನೇಕಾರರ ಓಣಿಯಲ್ಲಿ ಕೆಲಸವೇ ಮನೆಯಿಂದ ಮನೆಗೆ ಹೋಗುತ್ತದೆ, ಹಾಗಾಗಿ ಪರಿಚಯಕ್ಕೆ ಬೇರೆ ಪ್ರಯತ್ನ ಬೇಕಿರಲಿಲ್ಲ. ಗ್ರಾನೈಟ್ ಕೆಲಸಕ್ಕೆ, ಅಂಗಡಿಗಳಿಗೆ, ಬ್ಯಾಂಕುಗಳಿಗೆ ಬಂದ ಹೊಸಬರಿಗೆ ಆ ಬಳಕೆ ಇಲ್ಲ. ಸಂಜೆ ಆರಾದ ಮೇಲೆ ರೂಮು, ಫೋನು, ಅಷ್ಟೇ.

ಇಲ್ಲೊಂದು ಅಪಾಯವಿದೆ. ಒಂಟಿ ಗಂಡಸರಿಗೆ ಹೊಸ ಊರಲ್ಲಿ ಎಲ್ಲಕ್ಕಿಂತ ಬೇಗ ‘ದೋಸ್ತರು’ ಸಿಗುವ ಜಾಗ ಬಾರು. ಮೊದಲ ದಿನವೇ ಹೆಗಲ ಮೇಲೆ ಕೈ ಬೀಳುತ್ತದೆ. ಆರು ತಿಂಗಳಲ್ಲಿ ಸಂಬಳ ಸಾಲದೆ ಬರುತ್ತದೆ. ಕುಡಿಯುವುದು ಬಿಟ್ಟರೆ ಆ ಗೆಳೆತನವೂ ಬಿಡುತ್ತದೆ ಅನ್ನೋ ಹೆದರಿಕೆಗೇ ಬಿಡಲಾಗುವುದಿಲ್ಲ. ಇಳಕಲ್‌ನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿ ಊರೂರು ತಿರುಗಿ ಜೋಳಿಗೆ ಹಿಡಿದು ಬೇಡಿದ್ದು ಹಣವನ್ನಲ್ಲ, ಜನರ ದುಶ್ಚಟಗಳನ್ನು. ‘ಮಹಾಂತ ಜೋಳಿಗೆ’ ಅಂತಲೇ ಅದು ಹೆಸರಾಯಿತು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ. ಚಟ ಬಿಟ್ಟವನಿಗೆ ಸಂಜೆ ಆರರಿಂದ ಎಂಟರವರೆಗೆ ಹೋಗಲು ಬೇರೆ ಜಾಗ, ಬೇರೆ ಸಂಗಡಿಗರು ಬೇಕೇ ಬೇಕು. ಗರಡಿ ಮನೆ, ವಾಲಿಬಾಲ್ ಮೈದಾನ, ಭಜನಾ ಮೇಳ, ಗ್ರಂಥಾಲಯ ಯಾವುದಾದರೂ ಸರಿ.

‘ನೀವು ಯಾವ ಪೈಕಿ?’

ಹೊಸ ಊರಲ್ಲಿ ಬಾಡಿಗೆ ಮನೆ ಹುಡುಕುವಾಗ ತಪ್ಪದೆ ಬರುವ ಪ್ರಶ್ನೆ ಇದು. ‘ಯಾವ ಊರ್ರಿ ನಿಮ್ದು? ಯಾರ ಪೈಕಿ?’ ಅಂತ ಕೇಳುವುದರಲ್ಲಿ ಒಮ್ಮೊಮ್ಮೆ ಕೆಟ್ಟ ಉದ್ದೇಶ ಇರುವುದಿಲ್ಲ. ಇಬ್ಬರಿಗೂ ಗೊತ್ತಿರುವ ಒಬ್ಬರು ಸಿಕ್ಕರೆ ಅಪರಿಚಿತತನ ಮುರಿಯುತ್ತದೆ, ‘ಅಯ್ಯ, ಅವರು ನಮ್ಮ ಕಾಕಾರ ಬೀಗರು’ ಅಂತ ಮಾತು ಬೆಳೆಯುತ್ತದೆ. ಆದರೆ ಅದೇ ಪ್ರಶ್ನೆ ಎಷ್ಟೋ ಮಂದಿಯ ಮುಂದೆ ಬಾಗಿಲು ಮುಚ್ಚುತ್ತದೆ. ಜಾತಿ, ಧರ್ಮ, ಊಟದ ಕಾರಣಕ್ಕೆ ಮನೆ ‘ಈಗಷ್ಟ ಬ್ಯಾರೇದವರಿಗೆ ಕೊಟ್ಟೇವ್ರಿ’ ಆಗಿಬಿಡುತ್ತದೆ. ಹಾಗೆ ಎರಡು-ಮೂರು ಕಡೆ ಅನಿಸಿಕೊಂಡವರಿಗೆ ‘ಹಬ್ಬಕ್ಕೆ ಪಕ್ಕದ ಮನೆಗೆ ಹೋಗಿ’ ಅನ್ನೋ ಸಲಹೆ ಕೊಟ್ಟರೆ ಗಾಯಕ್ಕೆ ಉಪ್ಪು ಹಚ್ಚಿದಂತೆ.

ಆದ್ದರಿಂದ ಹೆಸರು, ಪೈಕಿ ಕೇಳುವ ಮೊದಲೇ ಕೆಲಸ ಶುರುವಾಗುವ ಜಾಗಗಳಿಗೆ ಬೆಲೆ ಹೆಚ್ಚು. ಮೈದಾನದಲ್ಲಿ ಬೌಲಿಂಗ್ ಮಾಡುವವನು ಬೇಕು, ಯಾರ ಮಗ ಅನ್ನೋದು ಆಮೇಲೆ. ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ-ಹುಡುಗಿಯರು ಒಂದೇ ಟೇಬಲ್ಲಿಗೆ ಕೂತು ನೋಟ್ಸ್ ಬದಲಿಸಿಕೊಳ್ಳುತ್ತಾರೆ. ಮಕ್ಕಳ ಶಾಲೆಯ ಗೇಟಿನ ಮುಂದೆ ದಿನಾ ಕಾಯುವ ತಾಯಂದಿರ ನಡುವೆ ಮೊದಲ ವಿಷಯ ಹೋಂವರ್ಕು. 2000-01ರಲ್ಲಿ ರಾಜ್ಯದಲ್ಲಿ ಶುರುವಾದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳೂ ಇತರ ಸ್ವಸಹಾಯ ಸಂಘಗಳೂ ಉಳಿತಾಯಕ್ಕಾಗಿ ಹುಟ್ಟಿದವು. ಆದರೆ ಗೊತ್ತಾದ ದಿನ ಕೂಡಲೇಬೇಕು ಅನ್ನೋ ಅವುಗಳ ನಿಯಮವೇ ಎಷ್ಟೋ ಹೆಣ್ಣುಮಕ್ಕಳಿಗೆ ಮನೆಯಿಂದ ಹೊರಬರಲು ಸಿಕ್ಕ ಪರವಾನಗಿ. ‘ಸಂಘಕ್ಕ ಹೋಗಿ ಬರ್ತೇನ್ರಿ’ ಅಂದರೆ ಮನೆಯಲ್ಲಿ ಯಾರೂ ಬೇಡ ಅನ್ನುವುದಿಲ್ಲ.

ಒಂಟಿತನ ಬರೀ ಬೇಸರವಲ್ಲ

‘ಮಂದಿ ಇಲ್ಲ’ ಅನ್ನೋದನ್ನ ಮನಸ್ಸಿನ ಸಣ್ಣ ಕೊರಗು ಅಂತ ತಳ್ಳಿಹಾಕುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ ಆರರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ. ವರ್ಷಕ್ಕೆ 8,71,000ಕ್ಕೂ ಹೆಚ್ಚು ಸಾವುಗಳ ಜೊತೆ ಅದಕ್ಕೆ ನಂಟಿದೆ. ಊಟ ಸೇರದಿರುವುದು, ನಿದ್ದೆ ಬಾರದಿರುವುದು, ಯಾರ ಜೊತೆಗೂ ಮಾತೇ ಬೇಡ ಅನಿಸುವುದು ವಾರಗಟ್ಟಲೆ ಮುಂದುವರಿದರೆ, ಬದುಕೇ ಬೇಡ ಅನ್ನುವ ವಿಚಾರ ಬಂದರೆ ಸುಮ್ಮನಿರಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮೊದಲ ನೂರು ದಿನ: ಏನು ಮಾಡಬಹುದು

ಹೊಸದಾಗಿ ಬಂದವರಿಗೆ:

• ಒಂದು ಚಹಾದಂಗಡಿ, ಒಂದು ಕಿರಾಣಿ ಅಂಗಡಿ, ಒಂದು ವಾಕಿಂಗ್ ದಾರಿ ಹಿಡಿಯಿರಿ. ಹೊತ್ತು ಬದಲಿಸಬೇಡಿ. ಹತ್ತು ದಿನಕ್ಕೆ ಮುಖ ಗುರುತಾಗುತ್ತದೆ, ತಿಂಗಳಿಗೆ ಮಾತು ಬರುತ್ತದೆ.

• ವಾರಕ್ಕೊಮ್ಮೆಯಾದರೂ ಕೂಡುವ ಒಂದು ಗುಂಪು ಸೇರಿ. ವರ್ಷಕ್ಕೊಮ್ಮೆ ಸೇರುವ ಹತ್ತು ಗುಂಪಿಗಿಂತ ಅದು ಮೇಲು.

• ಹೋದ ಕಡೆ ಒಂದು ಕೆಲಸ ಕೇಳಿ ಪಡೆಯಿರಿ: ಕುರ್ಚಿ ಹಾಕುವುದು, ಹಾಜರಿ ಬರೆಯುವುದು, ಬಡಿಸುವುದು.

• ಸಣ್ಣ ಸಹಾಯ ಕೇಳಿ. ಇಸಿದುಕೊಂಡದ್ದನ್ನು ಬೇಗ, ಖಾಲಿ ಇಲ್ಲದೆ ವಾಪಸ್ ಕೊಡಿ.

• ಹೊರ ಜಿಲ್ಲೆಯವರು ಇಲ್ಲಿನ ಮಾತಿಗೆ ಅಂಜಬೇಡಿ. ದನಿ ಜೋರು ಅಂದರೆ ಸಿಟ್ಟು ಅಂತಲ್ಲ. ಹಿರಿಯರಿಗೆ ‘ರೀ’ ಹಚ್ಚಿ, ಅಕ್ಕಾರ, ಕಾಕಾರ ಅಂದರೆ ಅರ್ಧ ದಾರಿ ಮುಗಿಯಿತು.

ಮೊದಲಿನಿಂದ ಇದ್ದವರಿಗೆ:

• ಟ್ರಕ್ಕಿನಿಂದ ಸಾಮಾನು ಇಳಿಯುವ ದಿನ ಒಂದು ಥರ್ಮಾಸ್ ಚಹಾ, ಒಂದು ಕೊಡ ನೀರು ಕೊಟ್ಟರೆ ಅದನ್ನು ಅವರು ಹತ್ತು ವರ್ಷ ನೆನೆಯುತ್ತಾರೆ.

• ನೀರು ಬಿಡುವ ಹೊತ್ತು, ಕಸದ ಗಾಡಿ ಬರುವ ಹೊತ್ತು, ಒಳ್ಳೆ ಗಿರಣಿ, ರಾತ್ರಿ ತೆರೆದಿರುವ ಔಷಧ ಅಂಗಡಿ ಯಾವುದು ಅಂತ ಕೇಳುವ ಮೊದಲೇ ಹೇಳಿ.

• ‘ಬರ್ರಿ ಒಮ್ಮೆ ಮನಿಗೆ’ ಅನ್ನುವುದಕ್ಕಿಂತ ‘ರವಿವಾರ ಸಂಜೀ ಐದಕ್ಕ ಬರ್ರಿ’ ಅನ್ನಿ. ಹೊತ್ತು ಹೇಳದ ಕರೆಗೆ ಹೊಸಬರು ಬರುವುದಿಲ್ಲ.

ಮುಂದೆ ಎದ್ದೇಳಬೇಕಾದವರು

ಇದು ಮುಗಿದ ಕಥೆಯಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.60ರಿಂದ 524.256 ಮೀಟರ್‌ಗೆ ಏರಿಸುವ ಪ್ರಸ್ತಾವವಿದೆ. ಅದಾದರೆ ಇನ್ನೂ 20 ಹಳ್ಳಿಗಳು, ಬಾಗಲಕೋಟೆಯ 11 ವಾರ್ಡ್‌ಗಳು ಮುಳುಗಡೆಗೆ ಸೇರುತ್ತವೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂ., ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂ. ಪರಿಹಾರ ನಿಗದಿ ಮಾಡಿತು. ಚರ್ಚೆಯೆಲ್ಲ ಈ ಎಕರೆ ಲೆಕ್ಕದ ಸುತ್ತಲೇ ಇದೆ. ಇರಬೇಕಾದದ್ದೇ.

ಅದರ ಜೊತೆಗೆ ಕೇಳಬೇಕಾದ, ಹೆಚ್ಚು ಖರ್ಚಿಲ್ಲದ ಕೆಲವು ಸಂಗತಿಗಳಿವೆ. ಒಂದೇ ಓಣಿಯವರು ಒಟ್ಟಿಗೆ ಅರ್ಜಿ ಹಾಕಿದರೆ ಅವರಿಗೆ ಅಕ್ಕಪಕ್ಕ ಸೈಟು ಕೊಡಲು ಬರುತ್ತದೆಯೇ? ಹೊಸ ಬಡಾವಣೆಯ ಅಡ್ಡರಸ್ತೆಗೊಂದು ಬೇವಿನ ಮರ, ಅದರ ಸುತ್ತ ಕಟ್ಟಿ ಇರುತ್ತದೆಯೇ? ಗಿರಣಿ, ಕಿರಾಣಿ ಅಂಗಡಿ, ಅಂಗನವಾಡಿ ನಡೆದು ಹೋಗುವಷ್ಟು ಹತ್ತಿರ ಇರುತ್ತವೆಯೇ? ವಯಸ್ಸಾದವರು ಹಳೆ ಗೆಳೆಯರನ್ನು ನೋಡಿ ಬರಲು ಸೆಕ್ಟರ್‌ಗಳ ನಡುವೆ ಬಸ್ಸು ಓಡುತ್ತದೆಯೇ? ನಕಾಶೆ ಬರೆಯುವ ಹೊತ್ತಿಗೇ ಇವನ್ನು ಕೇಳಬೇಕು. ಮನೆ ಕಟ್ಟಿ ಗೇಟು ಕೂರಿಸಿದ ಮೇಲೆ ಸರಿಪಡಿಸುವುದು ಕಷ್ಟ ಅನ್ನೋದಕ್ಕೆ ನವನಗರಕ್ಕೆ ಮೊದಲು ಬಂದವರೇ ಸಾಕ್ಷಿ. 11 ವಾರ್ಡ್‌ಗಳ ನಿವಾಸಿಗಳು ಪರಿಹಾರದ ಸಭೆಗಳಿಗೆ ಹೋಗುವಾಗ ಜಮೀನಿನ ಉತಾರಿಯ ಜೊತೆ ತಮ್ಮ ಓಣಿಯ ಮನೆಗಳ ಪಟ್ಟಿಯನ್ನೂ ಬರೆದುಕೊಂಡು ಹೋಗುವುದು ಒಳ್ಳೆಯದು.